ತಾರೀಖು ಒಂದು, ದಿನ ಎರಡು

‘ಇತಿಹಾಸದಲ್ಲಿ ಈ ದಿನ’ ಎಂಬ ಅಂಕಣವನ್ನು ಓದದ ಪತ್ರಿಕಾವಾಚಕರು ವಿರಳ. ಅಂಗೈಯಗಲದ ಜಾಗದಲ್ಲಿ ಒಬ್ಬ ದೊರೆಯ ಪಟ್ಟಾಭಿಷೇಕ, ಒಂದು ಹಡಗಿನ ಮುಳುಗಡೆ, ಒಬ್ಬ ಕವಿಯ ಜನನ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರುತ್ತವೆ. ಯಾರ ಪಕ್ಕದಲ್ಲಿ ಯಾರು, ಏಕೆ, ಎಂದು ಕೇಳುವಂತಿಲ್ಲ. ತಾರೀಖು ಒಂದೇ, ಅಷ್ಟೆ. ಇದನ್ನು ಸಾಹಿತ್ಯವೆಂದು ಯಾರೂ ಎಣಿಸದ ಕಾರಣ ವಿಮರ್ಶಕರ ದೃಷ್ಟಿ ಇದರ ಮೇಲೆ ಬಿದ್ದಂತಿಲ್ಲ. ಆದರೆ ಇಷ್ಟು ಮಂದಿ ನಿತ್ಯವೂ ಓದುವ ಬರಹ ವಿಮರ್ಶೆಗೆ ಅನರ್ಹವೆನ್ನುವುದು ಹೇಗೆ? ಅದರಲ್ಲೂ ಸಾಹಿತ್ಯ ಚರಿತ್ರೆಯನ್ನೇ ನಾವು ಈ ಅಂಕಣದ ಕಣ್ಣಿನಿಂದ ನೋಡುವ ಅಭ್ಯಾಸ ಬೆಳೆಸಿಕೊಂಡಿರುವಾಗ. ಕವಿ ನೆನಪಾಗುವುದು ಅವನ ತಾರೀಖು ಬಂದಾಗ. ಮರೆತುಹೋಗುವುದು ಮಾರನೆಯ ಬೆಳಿಗ್ಗೆ.

ಈ ಪ್ರಕಾರದ ಅತ್ಯಂತ ಯಶಸ್ವೀ ಉದಾಹರಣೆಯೆಂದರೆ ಏಪ್ರಿಲ್ 23. ಇಂಗ್ಲೆಂಡಿನ ಷೇಕ್ಸ್‌ಪಿಯರ್, ಸ್ಪೇನಿನ ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಒಂದೇ ದಿನ ತೀರಿಕೊಂಡರೆಂದು ಎಷ್ಟೋ ಪುಸ್ತಕಗಳು ಬರೆದಿವೆ. 1995ರಲ್ಲಿ ಯುನೆಸ್ಕೊ ಸಂಸ್ಥೆ ಆ ದಿನವನ್ನು ವಿಶ್ವ ಪುಸ್ತಕ ದಿನವೆಂದು ಸಾರಿತು. ನಾಟಕದ ದೊರೆ ಒಬ್ಬ, ಕಾದಂಬರಿಯ ಪಿತಾಮಹ ಒಬ್ಬ, ಇಬ್ಬರ ಕೈಯಿಂದಲೂ ಲೇಖನಿ ಒಂದೇ ದಿನ ಜಾರಿತು ಎಂದರೆ ಯಾವ ಓದುಗನ ಮೈ ನವಿರೇಳದು!

ಆದರೆ ದಿನ ಒಂದೇ ಅಲ್ಲ. 1582ರಲ್ಲಿ ಹದಿಮೂರನೆಯ ಗ್ರೆಗರಿ ಪೋಪ್ ಹಳೆಯ ಪಂಚಾಂಗವನ್ನು ತಿದ್ದಿಸಿ ಹತ್ತು ದಿನಗಳನ್ನು ಕಿತ್ತುಹಾಕಿದ. ಆ ವರ್ಷ ಸ್ಪೇನಿನಲ್ಲಿ ಅಕ್ಟೋಬರ್ 4ರ ಮಾರನೆಯ ದಿನವೇ ಅಕ್ಟೋಬರ್ 15. ಪೋಪನ ಮಾತಿಗೆ ಕಿವಿಗೊಡದ ಇಂಗ್ಲೆಂಡು 1752ರವರೆಗೆ ಜೂಲಿಯಸ್ ಸೀಸರನ ಲೆಕ್ಕವನ್ನೇ ಹಿಡಿದಿತ್ತು. ಆದುದರಿಂದ ಷೇಕ್ಸ್‌ಪಿಯರನ ಏಪ್ರಿಲ್ 23 ಸ್ಪೇನಿನವರ ಪಾಲಿಗೆ ಮೇ 3. ತಾರೀಖನ್ನು ಪೋಪ್ ತಿದ್ದಬಹುದು, ವಾರವನ್ನು ತಿದ್ದಲಿಲ್ಲ. ಅದೇ ಇಲ್ಲಿ ಸಾಕ್ಷಿ. ಸ್ಪೇನಿನ ಏಪ್ರಿಲ್ 23 ಶನಿವಾರ, ಇಂಗ್ಲೆಂಡಿನದು ಮಂಗಳವಾರ. ಶಾಸನದ ತಿಥಿಗೂ ವಾರಕ್ಕೂ ತಾಳೆ ನೋಡಿ ಅದರ ಕಾಲವನ್ನು ಪರೀಕ್ಷಿಸುವ ನಮ್ಮ ವಿದ್ವಾಂಸರಿಗೆ ಈ ಉಪಾಯ ಹೊಸದೇನಲ್ಲ. ಇನ್ನೂ ಒಂದು ಮಾತು: ಸರ್ವಾಂಟಿಸ್ ಕಣ್ಣುಮುಚ್ಚಿದ್ದು 22ರ ಶುಕ್ರವಾರ, 23 ಅವನನ್ನು ಮಣ್ಣುಮಾಡಿದ ದಿನ.

ನಮ್ಮ ಆಲಂಕಾರಿಕರ ಮುಂದೆ ಈ ಅಂಕಣವನ್ನು ಇಟ್ಟಿದ್ದರೆ ಅವರು ಇದನ್ನು ಒಂದೇ ಮಾತಿನಲ್ಲಿ ಹೆಸರಿಸುತ್ತಿದ್ದರು: ಶ್ಲೇಷೆ. ‘ಸಕಲಕಲ’ ಎಂಬ ಶಬ್ದವನ್ನು ಚಂದ್ರನಿಗೆ ಹೇಳಿದರೆ ಎಲ್ಲ ಕಲೆಗಳೂ ತುಂಬಿದವನು. ಪಟ್ಟಣಕ್ಕೆ ಹೇಳಿದರೆ ಕಲಕಲ ಸದ್ದಿನಿಂದ ಕೂಡಿದ್ದು. ಪಟ್ಟಣಕ್ಕೂ ಚಂದ್ರನಿಗೂ ಶಬ್ದದ ನಂಟಲ್ಲದೆ ಬೇರೆ ನಂಟಿಲ್ಲ. ಕಿವಿಗೆ ಇಂಪಾಗುತ್ತದೆ, ಬುದ್ಧಿ ಒಂದು ಕ್ಷಣ ಬೆರಗಾಗುತ್ತದೆ, ಅಲ್ಲಿಗೆ ಮುಗಿಯಿತು. ಉಪಮೆಯ ಮಾತು ಬೇರೆ. ಅದಕ್ಕೆ ಅರ್ಥದಲ್ಲಿ ಬೇರುಬಿಟ್ಟ ಸಾಧಾರಣ ಧರ್ಮ ಬೇಕು. ಅಂಕಣಕಾರನ ಅಪರಾಧ ಶ್ಲೇಷೆ ಕಟ್ಟಿದ್ದಲ್ಲ. ಅದನ್ನು ಉಪಮೆಯೆಂದು ಮಾರಿದ್ದು.

ಹಾಗೆ ಮಾರುವಾಗ ಸರಕನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಷೇಕ್ಸ್‌ಪಿಯರನಿಗೆ ನಾಮಕರಣದ ದೀಕ್ಷೆಯಾದದ್ದು 1564ರ ಏಪ್ರಿಲ್ 26ರಂದು. ದಾಖಲೆ ಇರುವುದು ಅಷ್ಟಕ್ಕೇ. 23ರಂದೇ ಹುಟ್ಟಿದನೆಂಬುದು ಊಹೆ. ಆ ದಿನ ಇಂಗ್ಲೆಂಡಿನ ಪಾಲಕ ಸಂತ ಜಾರ್ಜನ ಹಬ್ಬ. ಸತ್ತ ತಾರೀಖಿನಂದೇ ಹುಟ್ಟಿದ್ದರೆ ವೃತ್ತವೂ ಪೂರ್ಣವಾಗುತ್ತದೆ. ಪಂಪ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಹೊರಟಾಗ ಹೊಂದದ ಕಡೆ ಕಥೆಯನ್ನೇ ಬದಲಾಯಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ಅದು ಕವಿಯ ಅಧಿಕಾರ. ಅದಕ್ಕೆ ತಕ್ಕ ಬೆಲೆಯನ್ನು ಅವನು ಇಡೀ ಕಾವ್ಯದಲ್ಲಿ ತೆತ್ತಿದ್ದಾನೆ. ಅಂಕಣಕಾರನಿಗೆ ಆ ಅಧಿಕಾರವನ್ನು ಕೊಟ್ಟವರಾರು?

ಇಂಥ ಹೊಂದಿಕೆ ಹುಡುಕುವುದು ಎಷ್ಟು ಸುಲಭವೆಂದರೆ, ಬೇಕಾದರೆ ನಾನೂ ಒಂದನ್ನು ಕೊಡಬಲ್ಲೆ. ಷೇಕ್ಸ್‌ಪಿಯರ್ ಹುಟ್ಟಿದ ವರ್ಷ ನಮ್ಮ ಲೆಕ್ಕದಲ್ಲಿ ಶಾಲಿವಾಹನ ಶಕ 1486, ರಕ್ತಾಕ್ಷಿ ಸಂವತ್ಸರ. ಕುವೆಂಪು ಅವರು ಹ್ಯಾಮ್ಲೆಟನ್ನು ಬಿದನೂರಿಗೆ ಕರೆತಂದು ಬರೆದ ನಾಟಕದ ಹೆಸರು ‘ರಕ್ತಾಕ್ಷಿ’. ಸಾಲದೆಂದರೆ, ಸಂಪ್ರದಾಯದ ಪ್ರಕಾರ ಪುರಂದರದಾಸರು ಹರಿಪಾದ ಸೇರಿದ್ದೂ ಅದೇ ರಕ್ತಾಕ್ಷಿಯ ಪುಷ್ಯ ಬಹುಳ ಅಮಾವಾಸ್ಯೆಯಂದು. ಇದನ್ನು ಚೌಕಟ್ಟು ಹಾಕಿ ಅಚ್ಚುಮಾಡಿದರೆ ಓದುಗರು ಕತ್ತರಿಸಿ ಇಟ್ಟುಕೊಂಡಾರು. ಆದರೆ ಇದರಿಂದ ಹ್ಯಾಮ್ಲೆಟನ ಒಂದು ಸ್ವಗತವಾಗಲಿ ದಾಸರ ಒಂದು ಪದವಾಗಲಿ ಮೊದಲಿಗಿಂತ ಹೆಚ್ಚು ಅರ್ಥವಾಯಿತೆ? ದಾಸರ ಆರಾಧನೆ ತಿಥಿಯನ್ನು ಹಿಡಿದು ನಡೆಯುವುದರಿಂದ ಇಂಗ್ಲಿಷ್ ತಾರೀಖಿಗೆ ಅದು ಸಿಕ್ಕುವುದೂ ಇಲ್ಲ. ಒಂದು ವರ್ಷ ಜನವರಿಯಲ್ಲಿ, ಇನ್ನೊಂದು ವರ್ಷ ಫೆಬ್ರವರಿಯಲ್ಲಿ. ಅಂದು ಹಾಡುವವರಿಗೆ ಪಕ್ಕದಲ್ಲಿ ಯಾವ ದೊರೆ ಕುಳಿತಿದ್ದಾನೆಂಬ ಚಿಂತೆಯಿಲ್ಲ. ಅಲ್ಲಿ ದಿನವೆಂದರೆ ಹಾಡುವುದಕ್ಕೆ ಒಂದು ನೆಪ. ನೆಪಕ್ಕೆ ಅಷ್ಟು ಮರ್ಯಾದೆ ಸಾಕು.

ತಾರೀಖುಗಳೆಲ್ಲ ವ್ಯರ್ಥವೆಂದು ನನ್ನ ವಾದವಲ್ಲ. ಲೇಖಕ ತಾನೇ ಬರೆದಿಟ್ಟ ತಾರೀಖಿನ ತೂಕ ಬೇರೆ. ಸರ್ವಾಂಟಿಸನ ಕೊನೆಯ ಕೃತಿ ‘ಪರ್ಸೀಲೆಸ್’. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1617ರಲ್ಲಿ. ಅದನ್ನು ಲೆಮೋಸಿನ ಕೌಂಟನಿಗೆ ಅರ್ಪಿಸುವ ಪತ್ರದ ಕೆಳಗೆ 1616ರ ಏಪ್ರಿಲ್ 19 ಎಂದಿದೆ. ಹಿಂದಿನ ದಿನ ಅವನಿಗೆ ಅಂತ್ಯಸಂಸ್ಕಾರದ ತೈಲವನ್ನು ಹಚ್ಚಿದ್ದರು. ಮೂರು ದಿನದ ಆಯುಸ್ಸು ಉಳಿದಿದ್ದ ಮುದುಕ ಹೊಸ ಪುಸ್ತಕಗಳ ಮಾತನ್ನಾಡುತ್ತಾನೆ, ಬದುಕಿದರೆ ಇಂತಿಂಥದನ್ನು ಮುಗಿಸುತ್ತೇನೆ ಎನ್ನುತ್ತಾನೆ. ಇತ್ತ ಷೇಕ್ಸ್‌ಪಿಯರ್ ಮಾರ್ಚ್ 25ರ ಉಯಿಲಿನಲ್ಲಿ ಮನೆ, ಹೊಲ, ಬೆಳ್ಳಿ ಪಾತ್ರೆ, ಹೆಂಡತಿಗೆ ಎರಡನೆಯ ದರ್ಜೆಯ ಮಂಚ ಎಲ್ಲವನ್ನೂ ಹಂಚಿದ್ದಾನೆ. ನಾಟಕದ ಮಾತಿಲ್ಲ, ಪುಸ್ತಕವೆಂಬ ಶಬ್ದವಿಲ್ಲ. ಅವನ ನಾಟಕಗಳನ್ನು ಗೆಳೆಯರು ಒಟ್ಟುಗೂಡಿಸಿ ಅಚ್ಚುಹಾಕಿಸಿದ್ದು 1623ರಲ್ಲಿ. ಒಬ್ಬನಿಗೆ ಬರಹ ಕೊನೆಯ ಉಸಿರಿನವರೆಗೆ ಹಿಡಿದುಕೊಂಡ ಸಾಲ. ಇನ್ನೊಬ್ಬನಿಗೆ ತೀರಿಸಿ ಊರಿಗೆ ಮರಳಿದ ಕೆಲಸ. ತಾರೀಖಿನಲ್ಲಿ ಇವರು ಕೂಡುವಂತೆ ಕಾಣುತ್ತಾರೆ. ಹತ್ತಿರ ಹೋದಷ್ಟೂ ದೂರವಾಗುತ್ತಾರೆ.

ಯುನೆಸ್ಕೊ ಇವರೊಡನೆ ಮೂರನೆಯವನೊಬ್ಬನನ್ನು ಹೆಸರಿಸುತ್ತದೆ. ನಮ್ಮ ಅಂಕಣಗಳು ಸಾಮಾನ್ಯವಾಗಿ ಅವನನ್ನು ಕೈಬಿಡುತ್ತವೆ. ಇಂಕಾ ಗಾರ್ಸಿಲಾಸೊ ದ ಲಾ ವೇಗಾ, ಅದೇ ದಿನಗಳಲ್ಲಿ ಕೋರ್ಡೋಬಾದಲ್ಲಿ ತೀರಿಕೊಂಡವನು. 1539ರಲ್ಲಿ ಪೆರುವಿನ ಕುಜ್ಕೊದಲ್ಲಿ ಹುಟ್ಟಿದ. ತಾಯಿ ಇಂಕಾ ರಾಜವಂಶದವಳು, ತಂದೆ ಆ ರಾಜ್ಯವನ್ನು ಗೆದ್ದ ಸ್ಪ್ಯಾನಿಷರಲ್ಲೊಬ್ಬ. ಇಂಕಾ ಜನರಿಗೆ ನಮ್ಮಂತೆ ಲಿಪಿಯಿರಲಿಲ್ಲ. ದಾರಗಳಿಗೆ ಗಂಟುಹಾಕಿ ಲೆಕ್ಕವಿಡುತ್ತಿದ್ದರು. ಬಾಲ್ಯದಲ್ಲಿ ತಾಯಿಯ ಕಡೆಯ ಹಿರಿಯರ ಬಾಯಿಂದ ಕೇಳಿದ ಕಥೆಗಳನ್ನು ಅವನು ಇಪ್ಪತ್ತೊಂದರ ಹರೆಯದಲ್ಲಿ ಸ್ಪೇನಿಗೆ ಹೊತ್ತುಹೋದ, ಮತ್ತೆಂದೂ ಮರಳಲಿಲ್ಲ. 1609ರಲ್ಲಿ ಗೆದ್ದವರ ಭಾಷೆಯಲ್ಲಿ ಸೋತವರ ಚರಿತ್ರೆಯಾಗಿ ಅವುಗಳನ್ನು ಪ್ರಕಟಿಸಿದ. ಪುಸ್ತಕದ ಹೆಸರಿನಲ್ಲಿ ಒಂದು ದಿನವನ್ನು ಮೀಸಲಿಡುವುದೇ ಆದರೆ, ಪುಸ್ತಕವೇ ಇಲ್ಲದ ಜನದ ನೆನಪನ್ನು ಪುಸ್ತಕಕ್ಕಿಳಿಸಿದ ಇವನ ಹಕ್ಕು ಉಳಿದಿಬ್ಬರಿಗಿಂತ ಒಂದು ಕೈ ಮೇಲೆಂದೇ ನನ್ನ ಎಣಿಕೆ.

ಇನ್ನು ಷೇಕ್ಸ್‌ಪಿಯರ್-ಸರ್ವಾಂಟಿಸರಿಗೆ ನಿಜವಾದ ನಂಟೇ ಇಲ್ಲವೆ? ಇದೆ, ಅದು 1616ರಲ್ಲಿ ಇಲ್ಲ. ‘ಡಾನ್ ಕ್ವಿಕ್ಸೋಟ್’ನ ಮೊದಲ ಭಾಗ 1612ರಲ್ಲಿ ಥಾಮಸ್ ಶೆಲ್ಟನ್ ಎಂಬವನ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮಾರನೆಯ ವರ್ಷವೇ ಷೇಕ್ಸ್‌ಪಿಯರನ ತಂಡ ಅರಮನೆಯಲ್ಲಿ ‘ಕಾರ್ಡೆನಿಯೊ’ ಎಂಬ ನಾಟಕವಾಡಿ ಹಣ ಪಡೆದ ದಾಖಲೆಯಿದೆ. ಕಾರ್ಡೆನಿಯೊ, ಗೆಳೆಯನ ದ್ರೋಹದಿಂದ ಹುಚ್ಚನಾಗಿ ಬೆಟ್ಟ ಸೇರಿದ ಪ್ರೇಮಿ, ಸರ್ವಾಂಟಿಸನ ಕಾದಂಬರಿಯವನು. 1653ರಲ್ಲಿ ಪ್ರಕಾಶಕನೊಬ್ಬ ಆ ನಾಟಕವನ್ನು ಫ್ಲೆಚರ್ ಮತ್ತು ಷೇಕ್ಸ್‌ಪಿಯರರದೆಂದು ನೋಂದಾಯಿಸಿದ, ಹಸ್ತಪ್ರತಿ ಕಳೆದುಹೋಗಿದೆ. ಉಳಿದಿರುವುದು ಮೂಲ ಕಥೆ. ಕಾರ್ಡೆನಿಯೊ ನಮ್ಮ ಕಣ್ಣಿಗೆ ಮೊದಲು ಬೀಳುವುದು ಆ ಕಾದಂಬರಿಯ ಮೊದಲ ಭಾಗದ 23ನೆಯ ಅಧ್ಯಾಯದಲ್ಲಿ. ಅಂಕಣಕಾರರು ಈ ಸಂಖ್ಯೆಯನ್ನು ಬೇಕಾದಂತೆ ಬಳಸಿಕೊಳ್ಳಲಿ. ಉಳಿದವರು ಅಲ್ಲಿಂದ ಓದತೊಡಗಬಹುದು.