ಶೀಟಿ ಊದದ ಗೋಲು

2023ರ ಮಾರ್ಚ್ 3ರ ಆ ಐಎಸ್‌ಎಲ್ ನಾಕೌಟ್ ಬಗ್ಗೆ ಮಲಯಾಳಿ ಗೆಳೆಯರ ಜೊತೆ ಇವತ್ತಿಗೂ ಸಮಾಧಾನವಾಗಿ ಮಾತಾಡೋಕೆ ಆಗಲ್ಲ. ಕಂಠೀರವದಲ್ಲಿ ಹೆಚ್ಚುವರಿ ಸಮಯದ ಆಟ. ಕೇರಳ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟೋ ಮೊದಲೇ ಛೇತ್ರಿ ಫ್ರೀ ಕಿಕ್ ಒದ್ದುಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೋಚ್ ವುಕೊಮಾನೊವಿಚ್ ತಂಡವನ್ನೇ ಹೊರಗೆ ಕರ್ಕೊಂಡು ಹೋದರು. ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಪಂದ್ಯ ನಿಷೇಧ.

ಎಲ್ಲ ಫ್ರೀ ಕಿಕ್ಕಿಗೂ ಶೀಟಿ ಬೇಕಂತ ನಿಯಮವಿಲ್ಲ. ರೆಫರಿ ‘ಶೀಟಿಗೆ ಕಾಯಿ’ ಅಂದಮೇಲೆ ಮಾತ್ರ ಕಾಯಬೇಕು. ಶೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿಯೇ ಒದ್ದೆ ಅನ್ನೋದು ಛೇತ್ರಿ ಮಾತು. ಹಾಗಿದ್ರೆ ಗೋಲು ಸರಿ. ಆದರೆ ಅಷ್ಟು ದೊಡ್ಡ ವಿಷಯ ಹತ್ತಿರ ನಿಂತವರಿಗಷ್ಟೇ ಗೊತ್ತಾದ್ರೆ ಸಾಕಾ? ನಮ್ಮ ರಾಣೆಬೆನ್ನೂರು ಕಡೆ ಊರ ಕಬಡ್ಡಿಯಲ್ಲಿ ಅಂಪೈರ್ ಕೂಗಿದ್ದು ಕಟ್ಟೆ ಮೇಲೆ ಕೂತ ಮುದುಕನಿಗೂ ಕೇಳಸ್ತೈತಿ.

ವಾಕೌಟ್ ಮಾತ್ರ ದಡ್ಡತನ. ಇನ್ನೂ ಆಟ ಬಾಕಿ ಇತ್ತಲ್ರೀ!

ಮಜಾ ಅಂದ್ರೆ ಮಾರ್ಚ್ 18ರ ಫೈನಲ್. ‘ರೆಫರಿ ಹೇಳಿದ್ದೇ ಫೈನಲ್’ ಅಂತಿದ್ದ ಬಿಎಫ್‌ಸಿ ಅಭಿಮಾನಿಗಳೇ ಮೋಹನ್ ಬಗಾನ್‌ಗೆ ಸಿಕ್ಕ ಪೆನಾಲ್ಟಿ ನೋಡಿ ಕಿರುಚಿದ್ರು. ಮಾಲೀಕ ಪಾರ್ಥ್ ಜಿಂದಾಲ್ ವಿಎಆರ್ ಬೇಕು ಅಂದರು. ಬೇಕು, ನಿಜ. ಫೌಲ್ ಬಾಕ್ಸ್ ಒಳಗೋ ಹೊರಗೋ ಅಂತ ಕ್ಯಾಮೆರಾ ತೋರಿಸುತ್ತೆ. ರೆಫರಿ ಛೇತ್ರಿಗೆ ಏನಂದ್ರು ಅಂತ ತೋರಿಸಲ್ಲ.