ಅನ್ನದ ಮೂಲ: ಜಪಾನಿನ ಅನಿಮೇಷನ್ ಚಿತ್ರಗಳಲ್ಲಿ ಯುದ್ಧಸ್ಮರಣೆ

ಜಪಾನಿನ ಅನಿಮೇಷನ್ ಚಿತ್ರಗಳು ಮಕ್ಕಳ ವಿನೋದಕ್ಕೆ ಮಾತ್ರ ಯೋಗ್ಯವಾದುವೆಂಬ ಭಾವನೆ ನಮ್ಮ ಅಧ್ಯಾಪಕವರ್ಗದಲ್ಲಿ ಇನ್ನೂ ಬಲವಾಗಿದೆ. ವಿದ್ಯಾರ್ಥಿಗಳಾದರೋ ಅವನ್ನು ‘ಅನಿಮೆ’ ಎಂಬ ಹೆಸರಿನಿಂದಲೇ ಕರೆದು, ನಮಗಿಂತ ಬಹು ಮುಂಚೆಯೇ ನೋಡಿ ಮುಗಿಸಿದ್ದಾರೆ. ಎರಡನೆಯ ಮಹಾಯುದ್ಧದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ‘ಮಿಣುಕುಹುಳುಗಳ ಸಮಾಧಿ’ ಎಂಬ ಚಿತ್ರವನ್ನು ನೋಡಿದ ಮೇಲೆ ಜಪಾನನ್ನು ಆಕ್ರಮಣಕಾರಿ ರಾಷ್ಟ್ರವೆಂದು ಉತ್ತರಪತ್ರಿಕೆಯಲ್ಲಿ ಬರೆಯಲು ತನಗೆ ಮನಸ್ಸು ಬರುವುದಿಲ್ಲವೆಂದು ಹೇಳಿದಳು. ಅಂದು ನಮ್ಮಿಂದ ಸಮರ್ಪಕವಾದ ಉತ್ತರ ಬರಲಿಲ್ಲ. ಆ ಬಳಿಕ ಈ ಚಿತ್ರಗಳನ್ನು ಒಂದಾದಮೇಲೊಂದರಂತೆ ನೋಡಿದಾಗ ನಮಗೆ ತೋರಿದ ಅಭಿಪ್ರಾಯಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಈ ಕಲೆ ಜಪಾನಿನಲ್ಲಿ ಮೊದಲಿನಿಂದಲೂ ನಿರಪರಾಧಿಯಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ನೌಕಾಖಾತೆಯ ಅಪೇಕ್ಷೆಯಂತೆ ಮಿತ್ಸುಯೊ ಸೆಯೊ ನಿರ್ದೇಶಿಸಿದ, ಮೊಮೊತಾರೊನ ದಿವ್ಯಸೈನಿಕರನ್ನು ಕುರಿತ ದೀರ್ಘಚಿತ್ರ 1945ರ ಏಪ್ರಿಲ್ ತಿಂಗಳಲ್ಲಿ ತೆರೆಗೆ ಬಂದಿತು. ಪೀಚ್ ಹಣ್ಣಿನಿಂದ ಹುಟ್ಟಿದ ಜನಪದ ವೀರ ಮೊಮೊತಾರೊ ಇಲ್ಲಿ ಸೇನಾಪತಿ. ಕೋತಿ, ನಾಯಿ, ಕರಡಿಗಳು ಅವನ ಭಟರು. ದಕ್ಷಿಣ ಸಮುದ್ರದ ದ್ವೀಪವೊಂದರ ಪ್ರಾಣಿಗಳು ಸಂತೋಷದಿಂದ ವಿಮಾನನೆಲೆಯನ್ನು ಕಟ್ಟಿಕೊಡುತ್ತವೆ, ಹಾಡಿನ ಮೂಲಕ ಜಪಾನೀ ಅಕ್ಷರಗಳನ್ನು ಕಲಿಯುತ್ತವೆ. ಬಿಳಿಯ ಅಧಿಕಾರಿಗಳು ನಡುಗುತ್ತ ಶರಣಾಗುತ್ತಾರೆ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಟೋಕಿಯೋ ಮತ್ತು ಒಸಾಕಾ ನಗರಗಳ ಬಹುಭಾಗ ಸುಟ್ಟುಹೋಗಿತ್ತು. ಯಾರಿಗಾಗಿ ತೆಗೆದ ಚಿತ್ರವೋ ಆ ಮಕ್ಕಳಲ್ಲಿ ಅನೇಕರನ್ನು ಹಳ್ಳಿಗಳಿಗೆ ಸಾಗಿಸಲಾಗಿತ್ತು. ಆದರೂ ಒಸಾಕಾದ ಚಿತ್ರಮಂದಿರದಲ್ಲಿ ಅದನ್ನು ನೋಡಿ ಮನಸೋತ ಒಬ್ಬ ಹುಡುಗನಿದ್ದನು. ಅವನೇ ಮುಂದೆ ಜಪಾನಿನ ಚಿತ್ರಕಥೆ ಮತ್ತು ಅನಿಮೇಷನ್ನುಗಳಿಗೆ ಹೊಸ ದಾರಿ ತೋರಿದ ಒಸಾಮು ತೆಜುಕ.

ಇಸಾವೊ ತಕಹತ ನಿರ್ದೇಶಿಸಿದ ‘ಮಿಣುಕುಹುಳುಗಳ ಸಮಾಧಿ’ (1988) ಅಕಿಯುಕಿ ನೊಸಾಕ 1967ರಲ್ಲಿ ಬರೆದ ಕಥೆಯನ್ನು ಆಧರಿಸಿದೆ. ನೊಸಾಕನ ಪುಟ್ಟ ತಂಗಿ ಯುದ್ಧಕಾಲದಲ್ಲಿ ಅನ್ನವಿಲ್ಲದೆ ತೀರಿಕೊಂಡವಳು. ತಕಹತ ಸ್ವತಃ ಒಂಬತ್ತು ವರ್ಷದ ಬಾಲಕನಾಗಿ ಒಕಾಯಾಮಾ ನಗರದ ಮೇಲಿನ ಬಾಂಬುದಾಳಿಯಿಂದ ಪಾರಾದವನು. ಕೋಬೆ ನಗರ ಉರಿದಾಗ ತಾಯಿಯನ್ನು ಕಳೆದುಕೊಂಡ ಹದಿನಾಲ್ಕರ ಸೇತ, ನಾಲ್ಕರ ಸೆತ್ಸುಕೊ ಬಂಧುವೊಬ್ಬಳ ಮನೆ ಸೇರುತ್ತಾರೆ. ತಾಯಿಯ ಕಿಮೊನೊಗಳನ್ನು ಮಾರಿ ತಂದ ಅಕ್ಕಿಯಲ್ಲಿ ಅನ್ನ ದುಡಿಯುವವರ ಪಾಲಿಗೆ, ತಿಳಿಗಂಜಿ ಅನಾಥರ ಪಾಲಿಗೆ. ಆ ಹೆಂಗಸನ್ನು ರಾಕ್ಷಸಿಯಾಗಿ ಚಿತ್ರಿಸದಿರುವುದು ತಕಹತನ ಹಿರಿಮೆ. ಪಡಿತರದ ಕಾಲದಲ್ಲಿ ಸಾಮಾನ್ಯ ಗೃಹಿಣಿ ಹೇಗಿರಬಹುದೋ ಹಾಗೆಯೇ ಅವಳಿದ್ದಾಳೆ. ಅಭಿಮಾನಿಯಾದ ಸೇತ ತಂಗಿಯನ್ನು ಕರೆದುಕೊಂಡು ಊರಾಚೆಯ ಗುಹೆಯಂಥ ಆಶ್ರಯಕ್ಕೆ ಹೊರಟುಬಿಡುತ್ತಾನೆ. ತಾಯಿಯ ಹಣ ಬ್ಯಾಂಕಿನಲ್ಲಿದ್ದರೂ ಮಗು ಹಸಿವಿನಿಂದ ಸಾಯುತ್ತದೆ.

ಕಲೆಯ ದೃಷ್ಟಿಯಿಂದ ಇದಕ್ಕೆ ಸಮನಾದ ಯುದ್ಧಚಿತ್ರವನ್ನು ನಾವು ಇನ್ನೊಂದನ್ನು ಕಂಡಿಲ್ಲ. ತನ್ನ ಚಿತ್ರವನ್ನು ಯುದ್ಧವಿರೋಧಿಯೆಂದು ಹೊಗಳಿದವರ ಮಾತನ್ನು ತಕಹತನೇ ಒಪ್ಪಲಿಲ್ಲ. ಸಮಾಜದಿಂದ ಬೇರ್ಪಟ್ಟ ಇಬ್ಬರು ಮಕ್ಕಳ ಬಾಳು ಅವನ ವಸ್ತು. ಆದರೆ ಇತಿಹಾಸದ ಅಭ್ಯಾಸಿಗಳು ಇನ್ನೊಂದು ಸಂಗತಿಯನ್ನೂ ಗಮನಿಸಬೇಕಾಗಿದೆ. ಸೇತನ ತಂದೆ ನೌಕಾಪಡೆಯ ಅಧಿಕಾರಿ. ಯುದ್ಧನೌಕೆಗಳ ಸಾಲನ್ನು ಕಂಡ ದಿನವನ್ನು ಹುಡುಗ ಹೆಮ್ಮೆಯಿಂದ ನೆನೆಯುತ್ತಾನೆ. ಆ ನೌಕೆಗಳು ಯಾರ ತೀರಕ್ಕೆ ಹೋಗಿದ್ದುವು, ಏನನ್ನು ಹೊತ್ತು ತಂದುವು ಎಂಬ ಪ್ರಶ್ನೆ ಚಿತ್ರದ ಚೌಕಟ್ಟಿನೊಳಕ್ಕೆ ಬರುವುದೇ ಇಲ್ಲ. ನಮ್ಮ ವಿದ್ಯಾರ್ಥಿನಿಯ ಕಷ್ಟ ಹುಟ್ಟಿದ್ದು ಇಲ್ಲಿ.

ಆ ಪ್ರಶ್ನೆ ಸುನಾವೊ ಕತಬುಚಿಯ ‘ಲೋಕದ ಈ ಮೂಲೆಯಲ್ಲಿ’ (2016) ಎಂಬ ಚಿತ್ರದಲ್ಲಿ ಒಂದೆರಡು ಕ್ಷಣಗಳ ಮಟ್ಟಿಗಾದರೂ ಬರುತ್ತದೆ. ಮೂಲ ಚಿತ್ರಕಥೆ ಫುಮಿಯೊ ಕೋನೊ ಎಂಬ ಲೇಖಕಿಯದು. ಬಂಡವಾಳ ದೊರೆಯದೆ ಸಾರ್ವಜನಿಕರಿಂದ 3 ಕೋಟಿ 90 ಲಕ್ಷ ಯೆನ್‌ಗಳಷ್ಟು ವಂತಿಗೆಯೆತ್ತಿ ಕೆಲಸ ಮುಂದುವರಿಸಿದ ಚಿತ್ರವಿದು. ಅಣುಬಾಂಬಿನಿಂದ ಅಳಿದುಹೋದ ಹಿರೋಷಿಮಾದ ನಕಾಜಿಮಾ ಬೀದಿಗಳನ್ನು ಹಳೆಯ ಛಾಯಾಚಿತ್ರಗಳ ಮತ್ತು ಉಳಿದವರ ನೆನಪಿನ ಸಹಾಯದಿಂದ ಅಂಗಡಿ ಅಂಗಡಿಯಾಗಿ ಪುನಃ ಬರೆಯಲಾಗಿದೆ. ಸಂಶೋಧನ ವಿದ್ಯಾರ್ಥಿಗಳು ಈ ಶ್ರಮವನ್ನು ನೋಡಿ ನಾಚಬೇಕು, ನಾವಂತೂ ನಾಚಿದೆವು. ಕಥಾನಾಯಕಿ ಸುಜು 1944ರಲ್ಲಿ ಕುರೆ ಎಂಬ ನೌಕಾಬಂದರಿಗೆ ಸೊಸೆಯಾಗಿ ಬರುತ್ತಾಳೆ. ಗದ್ದೆಬದಿಯ ಸೊಪ್ಪನ್ನು ಆರಿಸಿ, ಅಕ್ಕಿಯನ್ನು ನೀರಿನಲ್ಲಿ ಉಬ್ಬಿಸಿ ಹೊಟ್ಟೆ ತುಂಬಿಸುವ ಉಪಾಯಗಳಲ್ಲೇ ಚಿತ್ರದ ಅರ್ಧ ಕಳೆಯುತ್ತದೆ. ಕಾಲವಿಳಂಬದ ಬಾಂಬೊಂದು ಸಿಡಿದು, ಅವಳು ಕೈಹಿಡಿದು ನಡೆಸುತ್ತಿದ್ದ ನಾದಿನಿಯ ಮಗಳು ಸಾಯುತ್ತಾಳೆ. ಚಿತ್ರ ಬರೆಯುತ್ತಿದ್ದ ಸುಜುವಿನ ಬಲಗೈ ಹೋಗುತ್ತದೆ.

1945ರ ಆಗಸ್ಟ್ 15ರಂದು ಚಕ್ರವರ್ತಿಯ ರೇಡಿಯೋ ಭಾಷಣ ಕೇಳಿ ಮನೆಯವರೆಲ್ಲ ನಿಟ್ಟುಸಿರಿಡುವಾಗ, ಮೃದುಸ್ವಭಾವದ ಸುಜು ಒಬ್ಬಳೇ ಕೆರಳಿ ಹೊರಗೆ ಓಡುತ್ತಾಳೆ. ಕೆಳಗಿನ ಊರಿನಲ್ಲಿ ಕೊರಿಯಾದ ಬಾವುಟವೊಂದು ಏರುತ್ತದೆ. ಮೂಲ ಚಿತ್ರಕಥೆಯಲ್ಲಿ ಅವಳು ಹೇಳುವುದರ ತಾತ್ಪರ್ಯ, ಬಲಾತ್ಕಾರದಿಂದ ಪರರನ್ನು ಅಡಗಿಸಿದ ನಾಡು ಬಲಾತ್ಕಾರಕ್ಕೇ ಬಾಗಬೇಕಾಯಿತು ಎಂಬುದು. ಕತಬುಚಿ ಆ ಮಾತನ್ನು ಬದಲಾಯಿಸಿದ್ದಾನೆ. ಕಡಲಾಚೆಯಿಂದ ಬಂದ ಅಕ್ಕಿ, ಸೋಯಾ ಅವರೆಗಳಿಂದಲೇ ತನ್ನ ದೇಹವಾಗಿದೆಯೆಂದು ಅವಳು ಅಳುತ್ತಾಳೆ. ಹೀಗೆ ಮಾಡಿ ಅಪರಾಧವನ್ನು ಮಂಕಾಗಿಸಲಾಯಿತೆಂಬ ಆಕ್ಷೇಪವುಂಟು. ನಾವು ಇದನ್ನು ಒಪ್ಪಲಾರೆವು. ಸಾಮ್ರಾಜ್ಯನೀತಿಯನ್ನು ಅರಿಯದ ಗೃಹಿಣಿಗೆ ಅಕ್ಕಿಯ ಲೆಕ್ಕ ಚೆನ್ನಾಗಿ ಗೊತ್ತು. ಇತಿಹಾಸವೂ ಅವಳ ಪರವಾಗಿದೆ. 1918ರ ಅಕ್ಕಿಗಲಭೆಗಳ ತರುವಾಯ ಜಪಾನ್ ತನ್ನ ವಸಾಹತುಗಳಾದ ಕೊರಿಯಾ, ತೈವಾನ್‌ಗಳಲ್ಲಿ ಭತ್ತದ ಬೆಳೆಯನ್ನು ಹೆಚ್ಚಿಸಿ ತನ್ನೂರಿಗೆ ಸಾಗಿಸಿಕೊಂಡಿತು. ಕೊರಿಯಾದ ರೈತ ಅಕ್ಕಿ ಬೆಳೆದು, ಮಂಚೂರಿಯಾದಿಂದ ಬಂದ ನವಣೆಯಂಥ ಕಿರುಧಾನ್ಯ ತಿಂದನು. ಅಂದು ರಾತ್ರಿ ಸುಜುವಿನ ಅತ್ತೆ ಬಚ್ಚಿಟ್ಟಿದ್ದ ಬಿಳಿಯ ಅಕ್ಕಿಯನ್ನು ಹೊರತೆಗೆಯುತ್ತಾಳೆ. ಆ ಊಟವನ್ನು ನೋಡುವಾಗ ನಮಗೆ ಗಂಟಲು ಕಟ್ಟಿತು.

ಈ ಅನ್ನದ ದಾರಿ ನಮ್ಮ ದೇಶದವರೆಗೂ ಬರುತ್ತದೆ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಬ್ರಿಟಿಷ್ ಸರಕಾರ ಬಂಗಾಳದ ತೀರದಲ್ಲಿ ದೋಣಿಗಳನ್ನೂ ದಾಸ್ತಾನನ್ನೂ ವಶಪಡಿಸಿಕೊಂಡಿತು, ಬೆಲೆ ಏರಿತು. 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಕ್ಷಾಮದ ಹೊಣೆಯನ್ನು ಜಪಾನಿನ ಮೇಲೊಂದೇ ಹೊರಿಸುವುದು ತಪ್ಪಾದೀತು. ಆದರೆ ಸೆತ್ಸುಕೊಳ ವಯಸ್ಸಿನ ಬಂಗಾಳದ ಮಗು ಕಲ್ಕತ್ತೆಯ ಬೀದಿಯಲ್ಲಿ ಸತ್ತಾಗ, ಆ ಸಾವಿಗೆ ಕಾರಣವಾದ ಸರಪಳಿಯ ಒಂದು ಕೊಂಡಿ ಸೇತ ಕೊಂಡಾಡಿದ ಪಡೆಯ ಕೈಯಲ್ಲಿತ್ತು.

ಹಯಾವೊ ಮಿಯಾಜಾಕಿಯ ‘ಗಾಳಿ ಏಳುತ್ತಿದೆ’ (2013) ಕಣ್ಣಿಗೆ ಬಹು ಸುಂದರ. ಜೀರೊ ಯುದ್ಧವಿಮಾನದ ಶಿಲ್ಪಿ ಜಿರೊ ಹೊರಿಕೋಶಿಯ ಕನಸಿನ ಕಥೆ. ಮಿಯಾಜಾಕಿಯ ಮನೆತನದ ಕಾರ್ಖಾನೆ ಅದೇ ವಿಮಾನದ ಚುಕ್ಕಾಣಿಯ ಭಾಗಗಳನ್ನು ತಯಾರಿಸುತ್ತಿತ್ತು. ಬಲ್ಲವನು ಬಾಯಿ ಬಿಡದಿರುವುದನ್ನು ಕಂಡು ನಮಗೆ ಬೇಸರವಾಯಿತು. ಕತಬುಚಿಯೂ ಪೂರ್ಣವಾಗಿ ಪಾರಾದನೆನ್ನಲಾರೆವು: ಸುಜುವಿನ ಮಾವ ನೌಕಾಪಡೆಯ ವಿಮಾನ ಕಾರ್ಖಾನೆಯ ನೌಕರ, ಗಂಡ ಸೇನಾನ್ಯಾಯಾಲಯದ ಗುಮಾಸ್ತ, ಅವರ ಕೆಲಸದ ಫಲವೇನೆಂದು ಸಂಸಾರದಲ್ಲಿ ಯಾರೂ ಕೇಳುವುದಿಲ್ಲ.

ತರಗತಿಯಲ್ಲಿ ಇವನ್ನು ತೋರಿಸಬಯಸುವವರು ತಕಹತನ ಚಿತ್ರವನ್ನು ಮೊದಲು, ಕತಬುಚಿಯದನ್ನು ಅದೇ ವಾರದಲ್ಲಿ ತೋರಿಸುವುದು ಒಳ್ಳೆಯದು. ಎರಡರ ನಡುವೆ ಬಹಳ ದಿನ ಕಳೆದರೆ ಮೊದಲನೆಯದರ ಕಣ್ಣೀರು ಮಾತ್ರ ಉಳಿಯುತ್ತದೆ. ನಮ್ಮ ವಿದ್ಯಾರ್ಥಿನಿಗೂ ಎರಡನೆಯದನ್ನು ನೋಡಲು ಹೇಳಿದ್ದೇವೆ. ಅವಳು ಇನ್ನೂ ಬಂದು ವಾದಿಸಿಲ್ಲ.