ಇಎಸ್‌ಆರ್, ಸಿಆರ್‌ಪಿ ಮತ್ತು ವಾತರೋಗಗಳ ಉರಿಯೂತ

ಸಂಧಿವಾತ, ಲೂಪಸ್, ಬೆನ್ನೆಲುಬನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಮುಂತಾದ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಇದರಿಂದ ಹುಟ್ಟುವ ಉರಿಯೂತ ಎಷ್ಟಿದೆ, ಔಷಧಕ್ಕೆ ಬಗ್ಗಿದೆಯೇ ಎಂದು ತಿಳಿಯಲು ಎಲ್ಲ ಊರಿನ ಲ್ಯಾಬುಗಳಲ್ಲೂ ಸಿಗುವ ಎರಡು ರಕ್ತಪರೀಕ್ಷೆಗಳಿವೆ: ಇಎಸ್‌ಆರ್ ಮತ್ತು ಸಿಆರ್‌ಪಿ. ಎರಡೂ ಅಗ್ಗ, ಎರಡೂ ಉಪಯುಕ್ತ. ಆದರೆ ಕೀಲಿನೊಳಗಿನ ಉರಿಯೂತವನ್ನು ಇವು ನೇರವಾಗಿ ಅಳೆಯುವುದಿಲ್ಲ. ಉರಿಯೂತದ ಸುದ್ದಿ ಮುಟ್ಟಿದ ಮೇಲೆ ಪಿತ್ತಜನಕಾಂಗ ರಕ್ತಕ್ಕೆ ಬಿಡುವ ಪ್ರೋಟೀನುಗಳನ್ನೋ, ಅವುಗಳ ಪರಿಣಾಮವನ್ನೋ ಅಳೆಯುತ್ತವೆ. ಈ ಪರೀಕ್ಷೆಗಳ ಬಲ, ದೌರ್ಬಲ್ಯ ಎರಡೂ ಇಲ್ಲಿಂದಲೇ ಶುರುವಾಗುತ್ತವೆ.

ಎರಡರಲ್ಲಿ ಇಎಸ್‌ಆರ್ ಹಿರಿಯದು. ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ 1897ರಲ್ಲಿ ಇದನ್ನು ವಿವರಿಸಿದ. ಸ್ವೀಡನ್ನಿನ ರಾಬಿನ್ ಫಾರಿಯಸ್ 1918ರಲ್ಲಿ, ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಅದನ್ನು ಬಳಕೆಗೆ ತಂದರು. ವಿಧಾನ ಇಂದಿಗೂ ಸರಳ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ಬೆರೆಸಿ, 200 ಮಿಲಿಮೀಟರ್ ಗುರುತುಗಳಿರುವ ಕಿರಿದಾದ ಗಾಜಿನ ಕೊಳವೆಗೆ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬುದೇ ಫಲಿತಾಂಶ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಆಗ ಕೆಂಪು ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ಬೇಗ ಇಳಿಯುತ್ತವೆ.

ಆದರೆ ಕಣಗಳು ಬೇಗ ಇಳಿಯಲು ಉರಿಯೂತವೇ ಬೇಕೆಂದಿಲ್ಲ. ವಯಸ್ಸಾದಂತೆ ಇಎಸ್‌ಆರ್ ತಾನಾಗಿ ಏರುತ್ತದೆ. ಗಂಡಸರಲ್ಲಿ ವಯಸ್ಸಿನ ಅರ್ಧದವರೆಗೆ, ಹೆಂಗಸರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದಷ್ಟರವರೆಗೆ ಸಹಜ ಎಂಬುದು ವೈದ್ಯರು ಬಳಸುವ ಅಂದಾಜು. ಬಸಿರಿನಲ್ಲೂ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತಹೀನತೆಯಿದ್ದರೆ ಏರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಸಂಧಿವಾತ ಹೆಚ್ಚಾಗಿ ಕಾಡುವುದೂ ಹೆಂಗಸರನ್ನೇ. ಹಾಗಿರುವಾಗ ಕಬ್ಬಿಣದ ಕೊರತೆಯಿಂದ ಬಂದ 45ರ ಇಎಸ್‌ಆರ್ ನೋಡಿ ವಾತದ ಔಷಧ ಹೆಚ್ಚಿಸುವುದು ಪುಸ್ತಕದಲ್ಲಿ ಮಾತ್ರ ಕಾಣುವ ತಪ್ಪಲ್ಲ. ಹಿಮೋಗ್ಲೋಬಿನ್ ನೋಡದೆ ಇಎಸ್‌ಆರ್ ಓದಲೇಬಾರದು.

ಲ್ಯಾಬಿನ ಒಳಗಿನ ಸಂಗತಿಗಳೂ ಸಣ್ಣವಲ್ಲ. ಕೊಳವೆ ಮೂರು ಡಿಗ್ರಿ ವಾಲಿದರೂ ಕಣಗಳು ಒಂದು ಬದಿಗೆ ಜಾರಿ ವೇಗವಾಗಿ ಇಳಿಯುತ್ತವೆ. ಫಲಿತಾಂಶ ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿಬಿಡಬಹುದು. ಕೋಣೆಯ ಉಷ್ಣತೆ 18ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂಬುದು ನಿಯಮ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎಸಿ ಇಲ್ಲದ ಲ್ಯಾಬಿನಲ್ಲಿ ಈ ನಿಯಮ ಪಾಲಿಸಲಾಗದು, ಮತ್ತು ಸೆಕೆ ಹೆಚ್ಚಿದಷ್ಟೂ ಇಎಸ್‌ಆರ್ ಏರುತ್ತದೆ. ಒಂದೇ ರೋಗಿಯ ಜನವರಿಯ ರಿಪೋರ್ಟನ್ನೂ ಮೇ ತಿಂಗಳ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಕಾಯಿಲೆ ಏರಿದೆ ಎನ್ನುವ ಮುಂಚೆ ಇದು ನೆನಪಿರಬೇಕು.

ಸಿಆರ್‌ಪಿ ಎಂಬ ಪ್ರೋಟೀನಿನ ಕತೆ ಬೇರೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನ್ ತಲುಪಿದರೆ ಪಿತ್ತಜನಕಾಂಗ ಕೆಲವೇ ಗಂಟೆಗಳಲ್ಲಿ ಸಿಆರ್‌ಪಿ ತಯಾರಿಸುತ್ತದೆ. ಉರಿಯೂತ ನಿಂತರೆ ಸುಮಾರು 19 ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಇಎಸ್‌ಆರ್ ಏರಿಸುವ ಫೈಬ್ರಿನೋಜನ್ ಅರ್ಧಕ್ಕಿಳಿಯಲು ನಾಲ್ಕು ದಿನ ಬೇಕು, ಅದನ್ನು ಏರಿಸುವ ಇನ್ನೊಂದು ಪ್ರೋಟೀನಾದ ಇಮ್ಯುನೊಗ್ಲಾಬ್ಯುಲಿನ್ನಿಗೆ ಮೂರು ವಾರ. ಆದ್ದರಿಂದ ಔಷಧ ಹಿಡಿಯಿತೇ ಎಂಬುದನ್ನು ಸಿಆರ್‌ಪಿ ದಿನಗಳಲ್ಲಿ ಹೇಳಿದರೆ ಇಎಸ್‌ಆರ್ ವಾರಗಟ್ಟಲೆ ಹಿಂದೆ ಉಳಿಯುತ್ತದೆ. ರಕ್ತಹೀನತೆಯ ತೊಡಕೂ ಸಿಆರ್‌ಪಿಗಿಲ್ಲ. ಸಂಧಿವಾತದಲ್ಲಿ ಎರಡರಲ್ಲಿ ಒಂದನ್ನಷ್ಟೇ ಮಾಡಿಸಲು ಹಣವಿದ್ದರೆ ಸಿಆರ್‌ಪಿಯನ್ನೇ ಆರಿಸಬೇಕು.

ಅದಕ್ಕೂ ಮಿತಿಗಳಿವೆ. ಬೊಜ್ಜಿರುವವರಲ್ಲಿ ಸಿಆರ್‌ಪಿ ಸ್ವಲ್ಪ ಮೇಲೆಯೇ ಇರುತ್ತದೆ. ಇನ್ನೊಂದು ತೊಡಕು ಬರಿಯ ಅಳತೆಯದು: ಒಂದು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಎಂದು ಬರೆದರೆ ಇನ್ನೊಂದು ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತದೆ. ಮೊದಲಿನದರಲ್ಲಿ 12 ಎಂದರೆ ಎರಡನೆಯದರಲ್ಲಿ 1.2. ಲ್ಯಾಬ್ ಬದಲಿಸಿದ ರೋಗಿ ಸಿಆರ್‌ಪಿ ಹತ್ತು ಪಟ್ಟು ಇಳಿಯಿತೆಂದು ಸಂತೋಷಪಟ್ಟು ಮಾತ್ರೆ ನಿಲ್ಲಿಸುವ ಅಪಾಯ ಇಲ್ಲಿದೆ. ಅಂಕಿಯ ಪಕ್ಕದ ಸಣ್ಣಕ್ಷರವನ್ನು ಓದಿಹೇಳುವುದು ಚಿಕಿತ್ಸೆಯ ಭಾಗವೇ.

ಲೂಪಸ್‌ನಲ್ಲಿ ಲೆಕ್ಕವೇ ತಲೆಕೆಳಗು. ಕಾಯಿಲೆ ಜೋರಾಗಿದ್ದರೂ, ಇಎಸ್‌ಆರ್ 80 ದಾಟಿದ್ದರೂ, ಸಿಆರ್‌ಪಿ ಹೆಚ್ಚು ಏರದೆ ಉಳಿಯುವುದು ಸಾಮಾನ್ಯ. ಈ ಕಾಯಿಲೆಯಲ್ಲಿ ಹೆಚ್ಚಾಗುವ ಇಂಟರ್‌ಫೆರಾನ್ ಸಿಆರ್‌ಪಿ ತಯಾರಿಯನ್ನು ಅದುಮುವುದು ಇದಕ್ಕೆ ಒಂದು ಕಾರಣ. ಹಾಗಾಗಿ ಲೂಪಸ್ ರೋಗಿಗೆ ಜ್ವರ ಬಂದು ಸಿಆರ್‌ಪಿ ಒಮ್ಮೆಲೇ ಮೇಲೇರಿದರೆ ಮೊದಲು ಹುಡುಕಬೇಕಾದದ್ದು ಸೋಂಕನ್ನು. ಶ್ವಾಸಕೋಶ ಅಥವಾ ಹೃದಯದ ಪೊರೆಯ ಉರಿಯೂತ, ಕೀಲೂತಗಳಿದ್ದಾಗ ಮಾತ್ರ ಕಾಯಿಲೆಯೇ ಅದನ್ನು ಅಷ್ಟು ಏರಿಸಬಹುದು. ಕಾಯಿಲೆ ಹೆಚ್ಚಿತೆಂದು ಸ್ಟಿರಾಯ್ಡ್ ಏರಿಸಿ, ಒಳಗೆ ಕ್ಷಯವೋ ಮೂತ್ರದ ಸೋಂಕೋ ಬೆಳೆಯುತ್ತಿದ್ದರೆ, ಬೆಲೆ ತೆರುವುದು ರೋಗಿ. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿಸುವುದಕ್ಕೆ ಲೂಪಸ್‌ನಷ್ಟು ಗಟ್ಟಿ ಸಮರ್ಥನೆ ಬೇರೆ ಕಾಯಿಲೆಯಲ್ಲಿಲ್ಲ.

ಇಳಿಯುವ ಅಂಕಿಯೂ ಎಚ್ಚರಿಕೆಯಾಗಬಹುದು. ಮಕ್ಕಳ ಸಿಸ್ಟೆಮಿಕ್ ಸಂಧಿವಾತ ಮತ್ತು ದೊಡ್ಡವರ ಸ್ಟಿಲ್ ಕಾಯಿಲೆಯಲ್ಲಿ ಕೆಲವೊಮ್ಮೆ ರಕ್ಷಣಾ ವ್ಯವಸ್ಥೆಯ ಮ್ಯಾಕ್ರೊಫೇಜ್ ಕಣಗಳು ಹತೋಟಿ ತಪ್ಪುತ್ತವೆ. ಆಗ ಫೈಬ್ರಿನೋಜನ್ ಖರ್ಚಾಗಿ ಇಎಸ್‌ಆರ್ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಫೆರಿಟಿನ್ ಎಂಬ ಪ್ರೋಟೀನ್ ಮಾತ್ರ ಸಾವಿರಗಳಿಗೆ ನೆಗೆಯುತ್ತದೆ. ಜ್ವರ ಬಿಡದ ಮಗುವಿನ ಇಎಸ್‌ಆರ್ 90ರಿಂದ 15ಕ್ಕೆ ಬಂದರೆ ಅದು ಜೀವಕ್ಕೆ ಅಪಾಯದ ಸೂಚನೆ.

ಅಂಕಿಗಳ ಮೇಲಿನ ಅತಿಭರವಸೆ ಹೆಚ್ಚು ಕಾಣುವುದು ಡಾಸ್-28 ಎಂಬ ಸೂಚ್ಯಂಕದಲ್ಲಿ. 28 ಕೀಲುಗಳಲ್ಲಿ ನೋಯುವವು ಎಷ್ಟು, ಊದಿದವು ಎಷ್ಟು, ರೋಗಿ ತನ್ನ ಸ್ಥಿತಿಗೆ ನೂರರಲ್ಲಿ ಕೊಡುವ ಅಂಕ, ಇಎಸ್‌ಆರ್ ಅಥವಾ ಸಿಆರ್‌ಪಿ, ಇವಿಷ್ಟನ್ನೂ ಸೂತ್ರಕ್ಕೆ ಹಾಕಿ, ಮೊತ್ತ 2.6ಕ್ಕಿಂತ ಕಡಿಮೆಯಾದರೆ ಕಾಯಿಲೆ ಶಮನವಾಗಿದೆ ಎನ್ನುತ್ತಾರೆ. ಸೂತ್ರದಲ್ಲಿ ಇಎಸ್‌ಆರ್‌ನ ಸ್ವಾಭಾವಿಕ ಲಾಗರಿದಮ್ಮನ್ನು 0.70ರಿಂದ ಗುಣಿಸಲಾಗುತ್ತದೆ. ಒಂದು ಕೀಲೂ ನೋಯದ, ಊದದ, ತಾನು ಪೂರ್ತಿ ಚೆನ್ನಾಗಿದ್ದೇನೆ ಎನ್ನುವ ರೋಗಿಯ ಇಎಸ್‌ಆರ್ ರಕ್ತಹೀನತೆಯಿಂದ 42 ಇದ್ದರೆ ಅಷ್ಟಕ್ಕೇ ಮೊತ್ತ 2.6 ದಾಟುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಟೊಸಿಲಿಜುಮ್ಯಾಬ್ ಪಡೆಯುವ ರೋಗಿಯನ್ನು ನೋಡಬಹುದು. ಈ ಔಷಧ ಇಂಟರ್‌ಲ್ಯೂಕಿನ್-6 ದಾರಿಯನ್ನೇ ಮುಚ್ಚುವುದರಿಂದ ಇಎಸ್‌ಆರ್ 2ಕ್ಕೆ ಬಂದು ನಿಲ್ಲಬಹುದು. ಆರು ಕೀಲು ಊದಿ, ನಾಲ್ಕು ನೋಯುತ್ತಿದ್ದು, ರೋಗಿ ತನ್ನ ಸ್ಥಿತಿಗೆ 20 ಅಂಕ ಕೊಟ್ಟರೂ ಮೊತ್ತ 2.57. ಆರು ಕೀಲು ಊದಿರುವವರ ಕಾಯಿಲೆ ಶಮನವಾಗಿದೆ ಎನ್ನುವ ಸೂತ್ರವನ್ನು ಆ ಔಷಧದ ಮಟ್ಟಿಗಾದರೂ ಕೈಬಿಡಬೇಕು. ಕೀಲು ಎಣಿಸಿ, ರೋಗಿ ಮತ್ತು ವೈದ್ಯರ ಅಂಕಗಳನ್ನು ಕೂಡಿಸಿದರೆ ಮುಗಿಯುವ ಸಿಡಿಎಐ ಸೂಚ್ಯಂಕಕ್ಕೆ ರಕ್ತವೇ ಬೇಡ, ಹೊರರೋಗಿ ವಿಭಾಗದ ಗದ್ದಲದಲ್ಲೂ ಅದನ್ನು ಲೆಕ್ಕಹಾಕಬಹುದು. ಟೊಸಿಲಿಜುಮ್ಯಾಬ್ ಪಡೆಯುವವರಲ್ಲಿ ನ್ಯುಮೋನಿಯಾ ಬಂದಾಗಲೂ ಸಿಆರ್‌ಪಿ ಏರದಿರಬಹುದೆಂಬುದು ಜ್ವರಕ್ಕೆಂದು ನೋಡುವ ಊರಿನ ವೈದ್ಯರಿಗೂ ಗೊತ್ತಿರಬೇಕು.

ಸಹಜ ಅಂಕಿ ಕಾಯಿಲೆಯಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಸಂಧಿವಾತದ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿಯ ಇಎಸ್‌ಆರ್ ಅಥವಾ ಸಿಆರ್‌ಪಿ ಸಹಜವಾಗಿಯೇ ಇರುತ್ತದೆ. ಬೆನ್ನೆಲುಬಿನ ವಾತದಲ್ಲಿ ಇನ್ನೂ ಹೆಚ್ಚು ಜನರಲ್ಲಿ ಹೀಗೆಯೇ. ಬೆಳಗ್ಗೆ ಒಂದು ಗಂಟೆ ಬೆರಳು ಮಡಚಲಾಗದ ಹೆಂಗಸಿಗೆ ರಿಪೋರ್ಟ್ ತೋರಿಸಿ ಏನೂ ಇಲ್ಲ ಎಂದು ಕಳಿಸಿದರೆ, ಕೀಲಿನ ಮೂಳೆ ಸವೆಯುವ ಮೊದಲಿನ ಅಮೂಲ್ಯ ತಿಂಗಳುಗಳು ಕೈತಪ್ಪುತ್ತವೆ.

ಹಾಗೆಂದು ಈ ಪರೀಕ್ಷೆಗಳನ್ನು ಬಿಡುವಂತಿಲ್ಲ. ವಯಸ್ಸಾದವರ ಹೆಗಲು, ಸೊಂಟ ಹಿಡಿಯುವ ಪಾಲಿಮಯಾಲ್ಜಿಯಾದಲ್ಲಿ, ಕಣ್ಣು ಕಳೆಯಬಲ್ಲ ಜಯಂಟ್ ಸೆಲ್ ಆರ್ಟರೈಟಿಸ್‌ನಲ್ಲಿ ಸ್ಟಿರಾಯ್ಡ್ ಇಳಿಸುವಾಗ ಇವುಗಳ ಏರಿಳಿತ ನಿಜಕ್ಕೂ ದಾರಿ ತೋರುತ್ತದೆ. ಸಂಧಿವಾತದಲ್ಲಿ ಕಾಯಿಲೆ ಜೋರಾಗಿರುವಾಗ ಒಂದರಿಂದ ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ, ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಚಿಕಿತ್ಸೆ ಬದಲಿಸಬೇಕೆಂಬ ಯುರೋಪಿನ ತಜ್ಞರ ಮಾರ್ಗಸೂಚಿಯಲ್ಲಿ ಇವಕ್ಕೂ ಪಾಲಿದೆ. ಒಂದೇ ಲ್ಯಾಬಿನ, ಒಂದೇ ವಿಧಾನದ ನಾಲ್ಕಾರು ರಿಪೋರ್ಟುಗಳ ಸಾಲು ಒಂಟಿ ಅಂಕಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಮೆಥೊಟ್ರೆಕ್ಸೇಟ್ ಎಂಬ ವಾತದ ಔಷಧ ತೆಗೆದುಕೊಳ್ಳುವವರು ಸುರಕ್ಷತೆಗಾಗಿ ಹೇಗೂ ರಕ್ತಕಣಗಳ ಎಣಿಕೆ ಮತ್ತು ಪಿತ್ತಜನಕಾಂಗದ ಪರೀಕ್ಷೆ ಮಾಡಿಸುತ್ತಿರುತ್ತಾರೆ. ಅದೇ ಹಾಳೆಯಲ್ಲಿ ಉರಿಯೂತದ ಸುಳಿವೂ ಇರುತ್ತದೆ: ಉರಿಯೂತ ಮುಂದುವರಿದರೆ ಪ್ಲೇಟ್‌ಲೆಟ್ ಏರುತ್ತದೆ, ಹಿಮೋಗ್ಲೋಬಿನ್ ಮತ್ತು ಆಲ್ಬುಮಿನ್ ಇಳಿಯುತ್ತವೆ. ಹಣ ಕೊಟ್ಟು ಪಡೆದ ಈ ಮಾಹಿತಿಯನ್ನು ಯಾರೂ ಓದದೆ ಬಿಡುವುದು ದೊಡ್ಡ ನಷ್ಟ.

ಹಣ ನಿಜವಾಗಿ ಪೋಲಾಗುವುದು ಲ್ಯಾಬುಗಳ ಪರೀಕ್ಷಾ ಪ್ಯಾಕೇಜುಗಳಲ್ಲಿ. ಆರ್‌ಎ ಫ್ಯಾಕ್ಟರ್, ಎಎನ್‌ಎ ಪರೀಕ್ಷೆಗಳು ರೋಗ ಗುರುತಿಸಲು ನೆರವಾಗುತ್ತವೆಯೇ ಹೊರತು ಉರಿಯೂತದ ಏರಿಳಿತವನ್ನು ಹಿಂಬಾಲಿಸಲು ಅಲ್ಲ. ಎಎಸ್‌ಒ ಹೇಳುವುದು ಗಂಟಲಿನ ಹಳೆಯ ಸ್ಟ್ರೆಪ್ಟೊಕಾಕಸ್ ಸೋಂಕಿನ ಬಗ್ಗೆ. ರುಮ್ಯಾಟಿಕ್ ಜ್ವರದಂಥ ಕಾಯಿಲೆಯ ಅನುಮಾನವಿದ್ದರೆ ಮಾತ್ರ ಅದಕ್ಕೆ ಅರ್ಥ. ಇವನ್ನೆಲ್ಲ ಆರು ತಿಂಗಳಿಗೊಮ್ಮೆ ಮಾಡಿಸುವುದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗದು. ಕಾಯಿಲೆಯ ಜೊತೆ ಏರಿಳಿಯುವ ಪ್ರತಿಕಾಯವೆಂದರೆ ಲೂಪಸ್‌ನ ಡಿಎನ್‌ಎ ವಿರೋಧಿ ಪ್ರತಿಕಾಯ. ಕಾಂಪ್ಲಿಮೆಂಟ್ ಸಿ3, ಸಿ4 ಪ್ರಮಾಣ ಇಳಿಯುವುದನ್ನೂ ಅದರೊಂದಿಗೆ ನೋಡಬೇಕು. ಲೂಪಸ್‌ನಲ್ಲಿ ಮೂತ್ರಪಿಂಡ ಕೆಡುವುದನ್ನು ಮೊದಲೇ ಹಿಡಿಯಲು ಮೂತ್ರದ ಪ್ರೋಟೀನ್ ಪರೀಕ್ಷೆ ಬೇಕೇ ಬೇಕು. ಪ್ಯಾಕೇಜಿನ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಅದು ಮುಗಿಯುತ್ತದೆ.